ಲೋಹವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು



ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡನೆಯ ಹಂತದ ಶುದ್ಧೀಕರಣದ ನಂತರ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ ಕೆರೆಗಳು ತುಂಬಿದ್ದು ಸಂತೋಷವೇ. ಆದರೆ 'ಶುದ್ಧೀಕರಿಸಿದ ನೀರು' ಎಂದರೇನೆಂಬುದನ್ನು ಅದನ್ನು ಬಳಸುವವರು ತಿಳಿದಿರಬೇಕು.

ಶುದ್ಧೀಕರಣ ಘಟಕದಲ್ಲಿ ಯಂತ್ರಗಳು ಮುಖ್ಯವಾಗಿ ಗಾಳಿ ಊದುತ್ತವೆ. ಕೊಳಚೆಯನ್ನು ತಿಂದು ನೀರನ್ನು ತಿಳಿಗೊಳಿಸುವ ಕೆಲಸ ಸೂಕ್ಷ್ಮಜೀವಿಗಳದು. ನಿಮ್ಮ ಗೊಬ್ಬರದ ಗುಂಡಿಯಲ್ಲಿ ಕಸ ಕೊಳೆಯಿಸುವವೂ ಇವುಗಳ ಬಳಗವೇ. ದ್ರಾಕ್ಷಿಗೂ ಅಡಿಕೆಗೂ ಬೋರ್ಡೋ ದ್ರಾವಣ ಸಿಂಪಡಿಸುತ್ತೇವಷ್ಟೆ? ಅದರಲ್ಲಿನ ಮೈಲುತುತ್ತದ ತಾಮ್ರ ರೋಗಾಣುವನ್ನು ಕೊಲ್ಲುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ತಾಮ್ರ, ನಿಕಲ್, ಕ್ರೋಮಿಯಂ, ಕ್ಯಾಡ್ಮಿಯಂಗಳು ಚರಂಡಿ ಸೇರಿದರೆ ಉಪಕಾರಿ ಜೀವಿಗಳಿಗೂ ಅದೇ ಗತಿ. ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಬಹಳ ಸೂಕ್ಷ್ಮ; ಅವು ಬೇಗ ಸೊರಗುತ್ತವೆ. ಆಗ ಅಮೋನಿಯಾ ಹಾಗೆಯೇ ಕೆರೆ ಸೇರಿ ಮೀನುಗಳಿಗೆ ಕುತ್ತಾಗುತ್ತದೆ.

ಇನ್ನೊಂದು ಮಾತು. ಸೆಗಣಿ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ. ಅದರ ಬಹುಪಾಲು ಘಟಕದ ಕೆಸರಿನಲ್ಲಿ ಶೇಖರವಾಗುತ್ತದೆ. ಆ ಕೆಸರನ್ನು ಗೊಬ್ಬರವೆಂದು ವರ್ಷ ವರ್ಷವೂ ಹೊಲಕ್ಕೆ ಹಾಕಿದರೆ ಲೋಹ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಸೊಪ್ಪು ತರಕಾರಿಗಳು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರಿಕೊಳ್ಳುತ್ತವೆ. ಅದನ್ನು ಉಣ್ಣುವವರು ನಮ್ಮ ಮಕ್ಕಳೇ.

ಆದುದರಿಂದ ಲೋಹವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯುವುದೊಂದೇ ಸರಿಯಾದ ಮಾರ್ಗವೆಂದು ನನ್ನ ಅಭಿಪ್ರಾಯ. ಕಾರ್ಖಾನೆಯ ನೀರಿಗೆ ಅಲ್ಲಿಯೇ ತಕ್ಕ ಸಂಸ್ಕರಣೆ ಮಾಡಿ, ಸುಣ್ಣ ಬೆರೆಸಿದರೆ ಬಹುತೇಕ ಲೋಹ ಗಸಿಯಾಗಿ ತಳಕ್ಕಿಳಿಯುತ್ತದೆ. ಊರಿನ ಕೊಳಚೆಯಲ್ಲಿ ಬೆರೆತ ಮೇಲೆ ಬೇರ್ಪಡಿಸುವುದು ಬಲು ಕಷ್ಟ. ಇದಕ್ಕೆ ಖರ್ಚಿದೆ ಎಂದು ಸಣ್ಣ ಕಾರ್ಖಾನೆಯವರು ಹೇಳಬಹುದು. ನಿಜ, ಆದರೆ ಅವರು ಉಳಿಸಿದ ಖರ್ಚನ್ನು ನಮ್ಮ ಮಣ್ಣು ತೆರಬೇಕೆ?

ನೀವು ಮಾಡಬೇಕಾದುದಿಷ್ಟು. ನೀರು ತಿಳಿಯಾಗಿದೆ, ವಾಸನೆಯಿಲ್ಲ ಎಂದು ತೃಪ್ತರಾಗಬೇಡಿ. ಕರಗಿದ ಲೋಹ ಕಣ್ಣಿಗೆ ಕಾಣದು. ಕೆರೆ ನೀರಿನಲ್ಲಿರುವ ಲೋಹಗಳ ಪರೀಕ್ಷಾ ವರದಿಯನ್ನು ಗ್ರಾಮ ಪಂಚಾಯಿತಿಯ ಮೂಲಕ ಕೇಳಿ ಪಡೆಯಿರಿ. ಲೋಹದ ಪರೀಕ್ಷೆಯಾಗದ ಕೆಸರನ್ನು ಪುಕ್ಕಟೆ ಕೊಟ್ಟರೂ ಹೊಲಕ್ಕೆ ತರಬೇಡಿ. ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಕ್ಯಾಡ್ಮಿಯಂ, ಸೀಸಗಳು ತಿಳಿಯುವುದಿಲ್ಲ. ಅವುಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿರಿ.

ಬಂದ ನೀರನ್ನು ಬೇಡವೆನ್ನುವುದು ಜಾಣತನವಲ್ಲ. ಅದರಲ್ಲೇನಿದೆಯೆಂದು ಕೇಳುವುದು ಮಾತ್ರ ರೈತನ ಹಕ್ಕು.