ಪೌರೋದ್ಯಾನಗಳ ದುರವಸ್ಥೆ

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಾಗಿದ್ದ ಬಯಲೊಂದನ್ನು 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಖಾಸಗಿ ಶುಶ್ರೂಷಾಲಯವೊಂದಕ್ಕೆ ಕೊಡಲಾಯಿತು. ಅಲ್ಲಿಯ ನಿವಾಸಿಗಳು ಸುಮ್ಮನಿರದೆ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ 1991ರಲ್ಲಿ ಅವರ ಪರವಾಗಿಯೇ ತೀರ್ಮಾನವಾಯಿತು. ಶುಶ್ರೂಷಾಲಯವು ಎಷ್ಟೇ ಉಪಯುಕ್ತವಾಗಿದ್ದರೂ ಅದು ಉದ್ಯಾನದ ಸ್ಥಾನವನ್ನು ತುಂಬಲಾರದೆಂಬುದೇ ಆ ತೀರ್ಪಿನ ತಿರುಳು.

ಈ ತೀರ್ಪನ್ನು ನೆನೆದಾಗಲೆಲ್ಲ ನಮಗೆ ಸಂತೋಷದೊಡನೆ ಚಿಂತೆಯೂ ಮೂಡುತ್ತದೆ. ಉದ್ಯಾನವನ್ನು ಪರಾಧೀನ ಮಾಡಬೇಕಾದರೆ ಆದೇಶವೊಂದು ಬೇಕು; ಆದೇಶವಿದ್ದರೆ ಅದನ್ನು ಪ್ರಶ್ನಿಸಲೂಬಹುದು. ಅಲಕ್ಷಿಸುವುದಕ್ಕಾದರೋ ಯಾವ ಆದೇಶವೂ ಬೇಕಿಲ್ಲ. ಗಿಡಗಳಿಗೆ ನೀರು ಹಾಯಿಸದಿರಲು, ತೆರವಾದ ಮಾಲಿಯ ಹುದ್ದೆಯನ್ನು ತುಂಬದಿರಲು ಯಾರೂ ರುಜು ಹಾಕಬೇಕಾಗಿಲ್ಲ. ನಾವು ದಿನವೂ ಹಾದುಹೋಗುವ ಪೌರೋದ್ಯಾನವೊಂದರಲ್ಲಿ ಕಾರಂಜಿಯ ತೊಟ್ಟಿಯು ಬೇಸಗೆಯಲ್ಲಿ ಕಸದ ಗುಂಡಿ, ಮಳೆಗಾಲದಲ್ಲಿ ಸೊಳ್ಳೆಗಳ ತವರು. ಹುಲ್ಲು ಸವೆದು ನೆಲವು ಕಲ್ಲಾಗಿದೆ. ಮರಗಳ ಬುಡಕ್ಕೆ ಕಾಂಡವನ್ನು ಒತ್ತಿಕೊಂಡೇ ಸಿಮೆಂಟು ಬಳಿಯಲಾಗಿದೆ. ಹೆಬ್ಬಾಗಿಲಿನ ಕಮಾನಿಗೆ ಮಾತ್ರ ವರ್ಷಕ್ಕೊಮ್ಮೆ ಹೊಸ ಬಣ್ಣ!

ಉದ್ಯಾನವನ್ನು ಆಭರಣವೆಂದು ಭಾವಿಸಿರುವುದೇ ಈ ಉದಾಸೀನಕ್ಕೆ ಮೂಲವೆಂದು ನಮ್ಮ ಅಭಿಪ್ರಾಯ. ವಾಸ್ತವವಾಗಿ ಅದು ನೀರು ಸರಬರಾಜಿನಂತೆ, ಒಳಚರಂಡಿಯಂತೆ ಹಗಲಿರುಳೂ ದುಡಿಯುವ ಒಂದು ಪೌರವ್ಯವಸ್ಥೆ. ಒಂದು ಲೀಟರು ನೀರು ಎಲೆಗಳಿಂದ ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ದೊಡ್ಡ ಮರವೊಂದು ದಿನವೊಂದರಲ್ಲಿ 100 ಲೀಟರು ನೀರನ್ನು ಹೊರಸೂಸಿತೆಂದು ಇಟ್ಟುಕೊಂಡರೆ, ಅದು ಹೀರಿದ ಶಾಖವು ಸುಮಾರು 67 ಯೂನಿಟ್ಟು ವಿದ್ಯುತ್ತಿಗೆ ಸಮನಾಯಿತು. ಬೇರಿಗೆ ನೀರು ಸಿಕ್ಕದಿದ್ದಲ್ಲಿ ಈ ಕೆಲಸ ನಿಂತುಹೋಗುತ್ತದೆ.

ಬೇರುಗಳಿಗೂ ಉಸಿರಾಟವುಂಟೆಂಬುದನ್ನು ನಮ್ಮ ವಾಚಕರು ಬಲ್ಲರು. ಮಣ್ಣಿನ ಕಣಗಳ ನಡುವಣ ಸೂಕ್ಷ್ಮ ರಂಧ್ರಗಳಲ್ಲಿರುವ ಗಾಳಿಯಿಂದಲೇ ಅವು ಆಮ್ಲಜನಕವನ್ನು ಪಡೆಯುತ್ತವೆ. ತುಳಿತದಿಂದ ನೆಲ ಗಟ್ಟಿಯಾದರೆ ಈ ರಂಧ್ರಗಳು ಮುಚ್ಚಿಹೋಗಿ, ಗಾಳಿಯೂ ನೀರೂ ಒಳಕ್ಕಿಳಿಯವು. ಮಳೆಯ ನೀರು ಬೀದಿಯ ಚರಂಡಿಯ ಪಾಲಾಗುವುದು. ಸಿಮೆಂಟು ಮುಚ್ಚಿದಲ್ಲಿಯೂ ಇದೇ ಗತಿ. ಆದ್ದರಿಂದಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಜಾಗದಲ್ಲಿ ಕಾಂಕ್ರೀಟನ್ನು ಕಿತ್ತುಹಾಕಬೇಕೆಂದು ಆಜ್ಞಾಪಿಸಿತು. ಇನ್ನು ಉದುರಿದ ಎಲೆಗಳನ್ನು ಗುಡ್ಡೆಹಾಕಿ ಸುಡುವ ಪದ್ಧತಿ: ಇದರಿಂದ ಎಲೆಗಳಲ್ಲಿದ್ದ ಸಾರಜನಕದ ಬಹುಭಾಗ ಗಾಳಿಗೆ ಸೇರಿಹೋಗುವುದಲ್ಲದೆ, ಮಣ್ಣನ್ನು ಸಡಿಲವಾಗಿಡುವ ಗೊಬ್ಬರವೂ ನಷ್ಟವಾಗುತ್ತದೆ.

ಅಲಕ್ಷ್ಯಕ್ಕೆ ಆದೇಶಪತ್ರವಿಲ್ಲದಿದ್ದರೂ ಅಳತೆಯುಂಟು. ಇಲ್ಲಿಯೇ ವಿದ್ಯಾರ್ಥಿಗಳ ಪಾತ್ರ. ಎರಡು ತುದಿಗಳನ್ನೂ ತೆಗೆದ ಡಬ್ಬಿಯೊಂದನ್ನು ಉದ್ಯಾನದ ತುಳಿದ ನೆಲದಲ್ಲಿ ಐದು ಸೆಂಟಿಮೀಟರು ಆಳಕ್ಕೆ ಒತ್ತಿ ನಿಲ್ಲಿಸಿ, ಅರ್ಧ ಲೀಟರು ನೀರೆರೆದು, ಅದು ಇಂಗಲು ಹಿಡಿಯುವ ಕಾಲವನ್ನು ಗಡಿಯಾರದಿಂದ ನೋಡಿರಿ. ತರಗೆಲೆ ಹಾಸಿದ ಮರದಡಿಯ ನೆಲದಲ್ಲಿಯೂ ಹಾಗೆಯೇ ಮಾಡಿರಿ. ಮಧ್ಯಾಹ್ನ ಎರಡು ಗಂಟೆಗೆ ಉದ್ಯಾನದ ನೆರಳಿನಲ್ಲಿಯೂ ಹೊರಗಣ ರಸ್ತೆಯ ಕಟ್ಟಡದ ನೆರಳಿನಲ್ಲಿಯೂ ಒಂದೇ ಎತ್ತರದಲ್ಲಿ ಉಷ್ಣಮಾಪಕವನ್ನು ಹಿಡಿದು ಉಷ್ಣತೆಯನ್ನು ಬರೆದುಕೊಳ್ಳಿರಿ. ಒಂದು ದಿನದ ಅಂಕಿ ಆಕಸ್ಮಿಕವಿರಬಹುದು. ಒಂದು ತಿಂಗಳ ಅಂಕಿಗಳನ್ನು ಸುಲಭವಾಗಿ ತಳ್ಳಿಹಾಕಲಾಗದು.

1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿಮಾಡಿದೆ. ಉದ್ಯಾನಗಳೂ ಆಟದ ಮೈದಾನಗಳೂ ಅವುಗಳಲ್ಲಿ ಸೇರಿವೆ. ಹಣದ ಅಭಾವವೆಂಬ ಸಮಾಧಾನವು ಸಿದ್ಧವಾಗಿಯೇ ಇರುತ್ತದೆ. ಅದು ಎಷ್ಟೋ ವೇಳೆ ನಿಜವೂ ಹೌದು. ಆದರೆ ಮರದ ಬುಡಕ್ಕೆ ಸಿಮೆಂಟು ಬಳಿಯದಿರಲು ಹಣ ಬೇಡ. ಎಲೆಗಳನ್ನು ಸುಡದೆ ಗುಂಡಿಯಲ್ಲಿ ಕೊಳೆಯಿಸಲು ಹೆಚ್ಚು ಹಣ ಬೇಡ. ಕಮಾನಿನ ಬಣ್ಣಕ್ಕೆ ಮುನ್ನ ಮಾಲಿಯ ಸಂಬಳವನ್ನು ಆಯವ್ಯಯದಲ್ಲಿ ಬರೆಯಬೇಕೆಂಬುದಷ್ಟೇ ನಮ್ಮ ಪ್ರಾರ್ಥನೆ.

ಅಂದು ಬೆಂಗಳೂರಿನ ಆ ನಾಗರಿಕರ ಕೈಯಲ್ಲಿ ಪ್ರಶ್ನಿಸಲು ಒಂದು ಆದೇಶವಾದರೂ ಇತ್ತು. ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಅಳತೆಯ ಪುಸ್ತಕವಿರಲಿ. ಅದನ್ನು ಹಿಡಿದು ಅವರು ಪೌರಸಭೆಯ ಬಾಗಿಲಿಗೆ ಹೋದಲ್ಲಿ, ಉತ್ತರ ಕೊಡುವ ಹೊಣೆ ಅಲ್ಲಿಯವರದಾಗುತ್ತದೆ.