ಕೈಗೂ ಪಾಠ ಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನೀರು ಹೋದರೆ ಸಿರುಗುಪ್ಪ, ಕುರುಗೋಡುಗಳ ಭತ್ತ ಹೋದಂತೆ. ಭತ್ತ ಹೋದರೆ ಅಕ್ಕಿ ಗಿರಣಿಯ ಹಮಾಲರ ಕೂಲಿಯೂ ಪೇಟೆಯ ಚಿಲ್ಲರೆ ವ್ಯಾಪಾರವೂ ಹೋದಂತೆ. ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಲಾಯಿತು. ಆ ಕೆಲಸ ಇಂಜಿನಿಯರರದೂ ಹೌದು, ಬೆಸುಗೆ ಹಾಕಿದವರದೂ ಕ್ರೇನ್ ನಡೆಸಿದವರದೂ ಹೌದು. ಲೆಕ್ಕ ಬಲ್ಲ ತಲೆ, ಕೆಲಸ ಬಲ್ಲ ಕೈ ಕೂಡಿದ್ದರಿಂದಲೇ ಬೆಳೆ ಉಳಿಯಿತು.

ನಮ್ಮ ಶಾಲೆಗಳು ಇವೆರಡನ್ನೂ ಬೇರೆ ಬೇರೆ ಕೂರಿಸಿವೆ. ಕಾಲುವೆಯ ದಡದಲ್ಲಿ ಬೆಳೆದ ಹುಡುಗ ಸನ್ನೆ, ರಾಟೆಗಳ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾನೆ. ಸರಪಳಿಗೆ ಎದುರುತೂಕ ಕಟ್ಟಿ ಅಷ್ಟು ಭಾರದ ಗೇಟನ್ನು ಎತ್ತುವ ಬಗೆಯನ್ನು ಮಾದರಿ ಮಾಡಿ ನೋಡುವ ಅವಕಾಶ ಅವನಿಗಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ತಾಯಿಯ ಯಂತ್ರದಲ್ಲಿ ಚಕ್ರದ ತಿರುಗಾಟವು ಸೂಜಿಯ ಏರಿಳಿತವಾಗುತ್ತದೆ. ಅದನ್ನು ಬಿಚ್ಚಿ ಮಗಳಿಗೆ ತೋರಿಸುವ ತರಗತಿ ಎಲ್ಲಿದೆ?

ಇದು ಹೊಸ ಮಾತಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ವಿದ್ಯೆ ಎಂದರು. 1964-66ರ ಕೊಠಾರಿ ಆಯೋಗವು ಕಾರ್ಯಾನುಭವ ಬೇಕೆಂದಿತು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ ಆಯ್ದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಖಾಸಗಿ ಶಾಲೆಗಳಿಗೂ ಅದರಲ್ಲಿ ಪಾಲು ಸಂದಿತು. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ 50,000 ಪ್ರಯೋಗಾಲಯಗಳೆಂದು 2025ರ ಕೇಂದ್ರ ಬಜೆಟ್ಟು ಘೋಷಿಸಿತು. ಸ್ವಾಗತಾರ್ಹವೇ. ಆದರೆ ಪೆಟ್ಟಿಗೆ ಬಂದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಮಕ್ಕಳು ಮುರಿದಾರೆಂದು ಸಾಮಾನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಅದು ಸಾಹೇಬರು ತಪಾಸಣೆಗೆ ಬಂದ ದಿನ ತೆರೆಯುವ ಪ್ರದರ್ಶನವಾದೀತು, ಅಷ್ಟೆ.

"ಬಡವರ ಮಕ್ಕಳಿಗೆ ಸ್ಪ್ಯಾನರು, ಉಳ್ಳವರ ಮಕ್ಕಳಿಗೆ ಪುಸ್ತಕವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಕೂಲಿಯವನ ಮಗ ಕೂಲಿಯವನಾಗಿಯೇ ಉಳಿಯಲೆಂದು ನಾವು ಇದನ್ನು ಕೇಳುತ್ತಿಲ್ಲ. ಸ್ಪ್ಯಾನರು ಹಿಡಿದ ಕೈಗೆ ಗಣಿತವೂ ಬರಲಿ, ಗಣಿತ ಬಲ್ಲವನ ಕೈಗೆ ಎಣ್ಣೆಯೂ ಅಂಟಲಿ. ದುಡಿಮೆಯನ್ನು ಕೀಳೆಂದು ಕಾಣುವ ಹಳೆಯ ರೋಗಕ್ಕೆ ಇದೇ ಮದ್ದು.

ಆದ್ದರಿಂದ ನಮ್ಮ ಒತ್ತಾಯಗಳಿವು. ಖಾಲಿ ಬಿದ್ದಿರುವ ವಿಜ್ಞಾನ, ಗಣಿತ ಉಪಾಧ್ಯಾಯರ ಹುದ್ದೆಗಳನ್ನು ಮೊದಲು ತುಂಬಬೇಕು. ಪ್ರಯೋಗಾಲಯವಿರುವ ಶಾಲೆಯು ವಾರಕ್ಕೊಂದು ದಿನ ನೆರೆಯ ಶಾಲೆಗಳ ಮಕ್ಕಳಿಗೂ ಬಾಗಿಲು ತೆರೆಯಬೇಕು. ಊರಿನ ಫಿಟ್ಟರು, ಮೋಟಾರು ಸುತ್ತುವವರು, ಬಡಗಿಗಳನ್ನು ಗೌರವಧನ ಕೊಟ್ಟು ಪಾಠಕ್ಕೆ ಕರೆಯಬೇಕು. ಮುರಿದ ಸಾಮಾನಿಗೆ ಉಪಾಧ್ಯಾಯರ ಸಂಬಳ ಹಿಡಿಯುವ ಭಯ ಇರಬಾರದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಇಂಥ ಕೆಲಸಕ್ಕಲ್ಲದೆ ಮತ್ತಾವುದಕ್ಕೆ?

ಶಾಲಾಭಿವೃದ್ಧಿ ಸಮಿತಿಯಲ್ಲಿ ತಂದೆತಾಯಿಗಳಿಗೆ ಸ್ಥಾನವಿದೆ. ಗಿರಣಿಯ ಪಾಳಿ ಮುಗಿದ ಮೇಲೆ, ಅಂಗಡಿಯ ರಜೆಯ ದಿನ ಸಭೆ ಕರೆಯಿರೆಂದು ಕೇಳಿರಿ. ಹೋಗಿ ಕುಳಿತು ಒಂದೇ ಪ್ರಶ್ನೆ ಹಾಕಿರಿ: ಈ ತಿಂಗಳು ನಮ್ಮ ಮಕ್ಕಳು ತಮ್ಮ ಕೈಯಿಂದ ಏನು ಮಾಡಿದರು?