ಅತಿಥಿ ಉಪನ್ಯಾಸಕರ ಪ್ರಶ್ನೆ: ನಮ್ಮ ಕಾಲೇಜುಗಳ ಉತ್ತರವೇನು?

ನಮ್ಮ ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ‘ಅತಿಥಿ ಉಪನ್ಯಾಸಕ’ರೆಂಬ ಹೆಸರಿನಲ್ಲಿ ಪಾಠ ಹೇಳುತ್ತಾ ಬಂದಿದ್ದಾರೆ. ಅತಿಥಿಯೆಂದರೆ ಎರಡು ದಿನ ಇದ್ದು ಹೋಗುವವನೆಂಬುದು ನಮ್ಮ ತಿಳಿವಳಿಕೆ. ಇವರಲ್ಲಿ ಅನೇಕರಾದರೋ ಹತ್ತು, ಹದಿನೈದು ವರ್ಷಗಳನ್ನು ತರಗತಿಯಲ್ಲಿ ಕಳೆದವರು. 2023ರ ಕೊನೆಯಲ್ಲಿ ಇವರು ಸೇವೆಯನ್ನು ಖಾಯಂಗೊಳಿಸಬೇಕೆಂದು ತರಗತಿಗಳನ್ನು ಬಹಿಷ್ಕರಿಸಿದರು. ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದರು. ಸರಕಾರವು ಸೇವಾವಧಿಗೆ ಅನುಗುಣವಾಗಿ 5,000ದಿಂದ 8,000 ರೂಪಾಯಿಯವರೆಗೆ ಗೌರವಧನವನ್ನು ಹೆಚ್ಚಿಸಿತು. ಖಾಯಮಾತಿಯ ಬೇಡಿಕೆಗೆ ಒಪ್ಪಲಿಲ್ಲ. ಇದು ಸರಕಾರಕ್ಕೂ ಅದರ ಕಾಲೇಜುಗಳಿಗೂ ಸಂಬಂಧಿಸಿದ ವಿಷಯವೆಂದು ನಮ್ಮ ಕೆಥೋಲಿಕ ಕುಟುಂಬಗಳು ಭಾವಿಸಿರಬಹುದು. ವಾಸ್ತವದಲ್ಲಿ ಈ ಪ್ರಶ್ನೆ ನಮ್ಮ ಅಂಗಳದಲ್ಲಿಯೂ ಇದೆ.

ಅರೆಕಾಲಿಕ ನೇಮಕದ ಪದ್ಧತಿ ಹುಟ್ಟಿದ್ದು ಒಂದು ನಿಜವಾದ ಅಗತ್ಯದಿಂದ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರೊಬ್ಬರು ವಾರಕ್ಕೆ 16 ಗಂಟೆ ನೇರವಾಗಿ ಬೋಧಿಸಬೇಕು. ಒಂದು ವಿಭಾಗದಲ್ಲಿ ಇಂತಹ ಮೂವರಿದ್ದು, ವಾರದ ಕಾರ್ಯಭಾರ 56 ಗಂಟೆಯಾದರೆ, 48 ಗಂಟೆ ಅವರದಾಗಿ 8 ಗಂಟೆ ಉಳಿಯುತ್ತದೆ. ಎಂಟು ಗಂಟೆಗಾಗಿ ಒಂದು ಪೂರ್ಣ ಹುದ್ದೆಯನ್ನು ಸೃಷ್ಟಿಸಲಾಗದು. ಅಲ್ಲಿ ಅರೆಕಾಲಿಕ ಉಪನ್ಯಾಸಕರು ಬೇಕು. ಆದರೆ ಮೂವರಲ್ಲಿ ಒಬ್ಬರು ನಿವೃತ್ತರಾಗಿ ಆ ಸ್ಥಾನ ಬರಿದಾಗಿಯೇ ಉಳಿದರೆ, ಅತಿಥಿಗಳ ಪಾಲಿನ 8 ಗಂಟೆ 24 ಆಗುತ್ತದೆ. ಹೀಗೆ ಉಳಿಕೆಯ ಪಾಠಕ್ಕೆಂದು ಬಂದ ವ್ಯವಸ್ಥೆ ಖಾಲಿ ಹುದ್ದೆಗಳಿಗೆ ಅಗ್ಗದ ಪರಿಹಾರವಾಗಿ ಬೆಳೆಯಿತು. ಅದೇ ನಿಯಮಾವಳಿಯು ಗುತ್ತಿಗೆ ಅಧ್ಯಾಪಕರ ಸಂಖ್ಯೆ ಒಟ್ಟು ಹುದ್ದೆಗಳ ಶೇಕಡಾ 10ನ್ನು ಮೀರಬಾರದೆಂದೂ, ಅವರ ವೇತನ ಖಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಮಾಸಿಕ ವೇತನಕ್ಕಿಂತ ಕಡಿಮೆಯಿರಬಾರದೆಂದೂ ಹೇಳಿತ್ತು. ‘ಅತಿಥಿ’ ಎಂಬ ಹೆಸರು ಈ ಕಟ್ಟಳೆಯಿಂದ ನುಣುಚಿಕೊಳ್ಳುವ ದಾರಿಯಾಯಿತು. 2025ರ ಜನವರಿಯಲ್ಲಿ ಆಯೋಗ ಪ್ರಕಟಿಸಿದ ಕರಡಿನಲ್ಲಂತೂ ಆ ಶೇಕಡಾ 10ರ ಮಿತಿಯೇ ಇರಲಿಲ್ಲ.

ಗಂಟೆಯ ಲೆಕ್ಕ ಎಷ್ಟು ಇಕ್ಕಟ್ಟಿನದೆಂಬುದನ್ನು 2022ರ ಜನವರಿಯ ಸರಕಾರಿ ತೀರ್ಮಾನದಿಂದ ತಿಳಿಯಬಹುದು. ಅದುವರೆಗೆ 11,000 ಮತ್ತು 13,000 ರೂಪಾಯಿಯಷ್ಟಿದ್ದ ಮಾಸಿಕ ಗೌರವಧನ, ವಿದ್ಯಾರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿಗೆ ಏರಿತು. ಜೊತೆಗೆ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು. ಎಂಟು ಗಂಟೆಯಂತೆ ಇಬ್ಬರು ಮಾಡುತ್ತಿದ್ದ ಪಾಠ ಒಬ್ಬರ ಪಾಲಾಯಿತು. ಒಬ್ಬರ ಮನೆಯಲ್ಲಿ ನೆಮ್ಮದಿ ಮೂಡಿದರೆ ಇನ್ನೊಬ್ಬರ ಮನೆಯಲ್ಲಿ ಒಲೆ ಆರುವ ಭಯ ಹುಟ್ಟಿತು. ಹುದ್ದೆಗಳನ್ನು ತುಂಬದೆ ಗಂಟೆಗಳನ್ನು ಮಾತ್ರ ಹಂಚಿದಾಗ ಇಂತಹ ಇಕ್ಕಟ್ಟು ತಪ್ಪದು.

ಇನ್ನೊಂದು ಲೆಕ್ಕವೂ ಇದೆ. ಖಾಯಂ ಅಧ್ಯಾಪಕರ 16 ಗಂಟೆಯ ಬೋಧನೆಯನ್ನು ಆಯೋಗವು ವಾರಕ್ಕೆ 40 ಗಂಟೆಯ ದುಡಿಮೆಯ ಭಾಗವೆಂದು ಪರಿಗಣಿಸುತ್ತದೆ. ಪಾಠದ ಸಿದ್ಧತೆ, ಉತ್ತರಪತ್ರಿಕೆಗಳ ಪರಿಶೀಲನೆ, ವಿದ್ಯಾರ್ಥಿಗಳ ಮಾರ್ಗದರ್ಶನ ಇವೆಲ್ಲವೂ ಅದರಲ್ಲಿ ಅಡಕ. ಹಾಗಾದರೆ 15 ಗಂಟೆ ಬೋಧಿಸುವ ಅತಿಥಿ ಉಪನ್ಯಾಸಕಿ ಮನೆಯಲ್ಲಿ ಕುಳಿತು ಟಿಪ್ಪಣಿ ಬರೆಯುವ ರಾತ್ರಿಗಳು ಯಾರ ಲೆಕ್ಕಕ್ಕೆ ಸೇರುತ್ತವೆ? ಏಳನೆಯ ವೇತನ ಆಯೋಗದ ಪ್ರಕಾರ ಹೊಸ ಸಹಾಯಕ ಪ್ರಾಧ್ಯಾಪಕರ ಮೂಲವೇತನವೇ 57,700 ರೂಪಾಯಿ; ತುಟ್ಟಿಭತ್ಯೆ ಬೇರೆ. ಹದಿನಾರರಲ್ಲಿ ಹದಿನೈದು ಪಾಲು ಬೋಧಿಸುವವರಿಗೆ ಅದರ ಹತ್ತಿರದ ಮೊತ್ತವೂ ಇಲ್ಲ. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುಜರಾತಿನಲ್ಲಿ ತಿಂಗಳಿಗೆ 30,000 ರೂಪಾಯಿಗೆ ದುಡಿಯುತ್ತಿದ್ದ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಖಾಯಂ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಮೊತ್ತವನ್ನು ಕೊಡಬೇಕೆಂದು ಆದೇಶಿಸಿದ್ದು ಈ ಅನ್ಯಾಯವನ್ನು ಮನಗಂಡೇ.

ಹೊರೆ ಅತಿಥಿಗಳ ಮೇಲೆ ಮಾತ್ರ ಬೀಳುತ್ತದೆಂದು ತಿಳಿಯಬಾರದು. ಪ್ರವೇಶಾತಿ, ಪರೀಕ್ಷೆ, ಮೌಲ್ಯಾಂಕನ ಸಮಿತಿಯ ಕಡತಗಳು, ವಿದ್ಯಾರ್ಥಿ ಸಂಘಗಳು ಎಲ್ಲವೂ ಉಳಿದಿರುವ ಕೆಲವೇ ಖಾಯಂ ಅಧ್ಯಾಪಕರ ತಲೆಯ ಮೇಲೆ ಬರುತ್ತವೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದಾಗ ಪಠ್ಯಕ್ರಮವೂ ಕಾರ್ಯಭಾರವೂ ಎರಡೆರಡು ಬಾರಿ ಬದಲಾದವು. ಕೊನೆಗೆ ನಷ್ಟ ಅನುಭವಿಸುವವರು ವಿದ್ಯಾರ್ಥಿಗಳು. ಒಬ್ಬ ಗುರುವಿಗೆ ಬಿಡುವಿಲ್ಲ. ಇನ್ನೊಬ್ಬರು ಪಾಠ ಮುಗಿದೊಡನೆ ಮತ್ತೊಂದು ಕಾಲೇಜಿನ ಬಸ್ಸು ಹಿಡಿಯಬೇಕು.

ಈಗ ನಮ್ಮ ಸಂಸ್ಥೆಗಳ ಮಾತು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಆರಂಭವಾದ ಕಾಲದಿಂದ ಈ ನಾಡಿನ ಉನ್ನತ ಶಿಕ್ಷಣಕ್ಕೆ ಗುರುಗಳೂ ಧರ್ಮಭಗಿನಿಯರೂ ತಮ್ಮ ಬಾಳನ್ನೇ ಮುಡಿಪಾಗಿಟ್ಟರು. ಬಡತನದ ವ್ರತ ತೊಟ್ಟ ಅವರು ಸಂಬಳವನ್ನು ತಮಗಾಗಿ ಇಟ್ಟುಕೊಳ್ಳಲಿಲ್ಲ. ಇಂದು ಅವರ ಸಂಖ್ಯೆ ಕುಗ್ಗಿದೆ. ಪಾಠ ಹೇಳುವವರಲ್ಲಿ ಬಹುಪಾಲು ಗೃಹಸ್ಥರು. ವ್ರತಧಾರಿಗಳ ತ್ಯಾಗದ ಮೇಲೆ ನಿಂತ ಆಯವ್ಯಯವನ್ನು ಮಕ್ಕಳ ಶುಲ್ಕ, ಮನೆ ಬಾಡಿಗೆ, ವೃದ್ಧ ತಂದೆತಾಯಿಯರ ಔಷಧಿಯ ಖರ್ಚು ಹೊತ್ತವರಿಗೆ ಅನ್ವಯಿಸಲು ಬಾರದು. ಸೇವಾಮನೋಭಾವವನ್ನು ನಾವು ಕೇಳಬಹುದು, ವ್ರತವನ್ನು ಹೇರಲಾಗದು.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ಜಗದ್ಗುರು 13ನೇ ಲಿಯೋ ಅವರು 1891ರ ‘ರೇರುಮ್ ನೋವಾರುಮ್’ ವಿಶ್ವಪರಿಪತ್ರದಲ್ಲಿ, ಕೆಲಸಗಾರ ಒಪ್ಪಿದನೆಂಬ ಮಾತ್ರಕ್ಕೆ ಕೂಲಿ ನ್ಯಾಯವಾಗದು, ಗತಿಯಿಲ್ಲದೆ ಕೊಟ್ಟ ಒಪ್ಪಿಗೆ ಬಲಾತ್ಕಾರಕ್ಕೆ ಸಮಾನವೆಂದು ಬೋಧಿಸಿದರು. 1983ರ ಧರ್ಮಸಭಾ ಕಾನೂನು ಸಂಹಿತೆಯ 1286ನೇ ನಿಯಮವು, ಧರ್ಮಸಭೆಯ ಆಸ್ತಿಪಾಸ್ತಿಯ ಆಡಳಿತಗಾರರು ನೌಕರರಿಗೆ ಅವರ ಮತ್ತು ಅವರ ಅವಲಂಬಿತರ ಜೀವನಕ್ಕೆ ಸಾಲುವಂತಹ ನ್ಯಾಯವಾದ ವೇತನವನ್ನು ಕೊಡಬೇಕೆಂದು ವಿಧಿಸುತ್ತದೆ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಸಂಜೆ ಬಂದವನಿಗೂ ದಿನದ ಕೂಲಿ ದೊರೆತುದನ್ನು ನಾವು ದೇವರ ಕೃಪೆಯ ದೃಷ್ಟಾಂತವಾಗಿ ಕೇಳುತ್ತೇವೆ. ಗಂಟೆಗಳನ್ನಷ್ಟೇ ಎಣಿಸುವವರು ಆ ಯಜಮಾನನನ್ನು ಮತ್ತೊಮ್ಮೆ ನೆನೆಯುವುದು ಒಳ್ಳೆಯದು.

ಆಡಳಿತ ಮಂಡಳಿಗಳ ಕಷ್ಟವನ್ನೂ ಮರೆಯಬಾರದು. ಅನುದಾನಿತ ಹುದ್ದೆಗಳು ತೆರವಾದಾಗ ಸರಕಾರದ ಅನುಮತಿಯಿಲ್ಲದೆ ತುಂಬಲಾಗದು; ತುಂಬದಿದ್ದರೆ ವೇತನದ ಹೊಣೆ ಸಂಸ್ಥೆಯದು. ಸಂಸ್ಥೆಗೆ ಇರುವ ಮುಖ್ಯ ಆದಾಯ ವಿದ್ಯಾರ್ಥಿಗಳ ಶುಲ್ಕ. ಶುಲ್ಕ ಏರಿಸಿದರೆ ಮೀನುಗಾರರ, ಕೃಷಿಕರ, ಕೂಲಿಕಾರರ ಮಕ್ಕಳು ಹೊರಗುಳಿಯುತ್ತಾರೆ. ಅವರಿಗಾಗಿಯೇ ಅಲ್ಲವೇ ಈ ಕಾಲೇಜುಗಳು ಹುಟ್ಟಿದ್ದು? ಆದರೂ ಬಡ ವಿದ್ಯಾರ್ಥಿಗೆ ಕೊಡುವ ರಿಯಾಯಿತಿಯ ವೆಚ್ಚವನ್ನು ಬಡ ಉಪನ್ಯಾಸಕನೇ ಭರಿಸಬೇಕೆನ್ನುವುದು ನ್ಯಾಯವಲ್ಲ. ಆ ಹೊರೆಯನ್ನು ಸಮುದಾಯ, ಹಳೆ ವಿದ್ಯಾರ್ಥಿಗಳು, ಅನುಕೂಲಸ್ಥ ಪೋಷಕರು ಹಂಚಿಕೊಳ್ಳಬೇಕು.

ಸದ್ಯಕ್ಕೆ ಸಾಧ್ಯವಿರುವ ಕೆಲವು ಕ್ರಮಗಳಿವೆ. ಮೊದಲನೆಯದಾಗಿ, ನೇಮಕ ಪತ್ರದಲ್ಲಿ ಅವಧಿ, ವಾರದ ಗಂಟೆ, ವೇತನ, ರಜೆ ಇವುಗಳನ್ನು ಸ್ಪಷ್ಟವಾಗಿ ಬರೆದುಕೊಡಬೇಕು. ಎರಡನೆಯದಾಗಿ, ತರಗತಿಯ ಹೊರಗೆ ಒಪ್ಪಿಸುವ ಪರೀಕ್ಷಾ ಕಾರ್ಯ, ಮೌಲ್ಯಮಾಪನಗಳಿಗೆ ಪ್ರತ್ಯೇಕ ಸಂಭಾವನೆಯಿರಬೇಕು. ಮೂರನೆಯದಾಗಿ, ಖಾಯಂ ಅಧ್ಯಾಪಕರಿಗೆ ಹೆಚ್ಚುವರಿ ಪಾಠ ಕೊಟ್ಟರೆ ಆಡಳಿತದ ಕೆಲಸವನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಬೇಕು. ನಾಲ್ಕನೆಯದು ಧರ್ಮಪ್ರಾಂತ್ಯದ ಮಟ್ಟದಲ್ಲಿ ಆಗಬೇಕಾದ ಕೆಲಸ: ಹತ್ತಿರದ ಎರಡು ಕಾಲೇಜುಗಳಲ್ಲಿ ಒಂದು ವಿಷಯಕ್ಕೆ ಎಂಟೆಂಟು ಗಂಟೆ ಉಳಿದಿದ್ದರೆ, ಇಬ್ಬರು ಅರೆಕಾಲಿಕರ ಬದಲು ಎರಡೂ ಕಡೆಗೆ ಸೇರಿ ಒಬ್ಬ ಪೂರ್ಣಾವಧಿ ಅಧ್ಯಾಪಕರನ್ನು ನೇಮಿಸಬಹುದು. ಇದರಿಂದ ಒಂದು ಅರೆಕಾಲಿಕ ಸ್ಥಾನ ಕಡಿಮೆಯಾಗುವುದು ನಿಜ. ಆದ್ದರಿಂದ ಈಗಾಗಲೇ ಸೇವೆಯಲ್ಲಿರುವವರನ್ನು ಕೈಬಿಡದೆ, ಸ್ಥಾನ ತೆರವಾದಂತೆ ಕ್ರಮೇಣ ಜಾರಿಗೊಳಿಸುವುದು ಉಚಿತ.

1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯು, ಇತರರಿಗೆ ನ್ಯಾಯವನ್ನು ಬೋಧಿಸುವ ಧರ್ಮಸಭೆ ಮೊದಲು ತಾನು ನ್ಯಾಯವಂತಳೆಂದು ಜನರ ಕಣ್ಣಿಗೆ ಕಾಣಬೇಕೆಂದು ಎಚ್ಚರಿಸಿತ್ತು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದು ಕಾರ್ಮಿಕರ ಪರವಾಗಿ ಬರೆದ ಆ ಪೂರ್ವಾಧಿಕಾರಿಯನ್ನು ನೆನೆದೇ. ಮುಂದಿನ ಬಾರಿ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದಾಗ ಫಲಿತಾಂಶದ ಶೇಕಡಾವಾರಿನೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಪೋಷಕರು ವಿನಯದಿಂದ ಕೇಳಲಿ: ಇಲ್ಲಿ ಪಾಠ ಹೇಳುವವರಿಗೆ ತಮ್ಮ ಮಕ್ಕಳನ್ನೂ ಇದೇ ಕಾಲೇಜಿನಲ್ಲಿ ಓದಿಸುವಷ್ಟು ಸಂಬಳವಿದೆಯೇ?